ಕಾವಿಗಿಟ್ಟ ಒಂಬತ್ತು ಮೊಟ್ಟೆ

ಎರಡನೇ ಮಹಾಯುದ್ಧದ ವರ್ಷಗಳು, ಮಕ್ಕಳೇ. ಬೇಸಿಗೆ ರಜೆಗೆ ನಮ್ಮಣ್ಣ ಮೈಸೂರಿನ ಕಾಲೇಜಿನಿಂದ ಬೆಸಗರಹಳ್ಳಿ ಪಕ್ಕದ ನಮ್ಮೂರಿಗೆ ಬಂದಿದ್ದ. ನಾನು ನಾಲ್ಕನೇ ಕ್ಲಾಸು ಪಾಸಾಗಿದ್ದೆ. ಐದಕ್ಕೆ ಕಳಿಸಲು ಅವ್ವ ಒಪ್ಪಿದ್ದಳು, ಆದರೆ ನಾನು ದೊಡ್ಡವಳಾಗುವವರೆಗೆ ಮಾತ್ರ.

ಅವ್ವನ ಕೋಳಿ ಒಂಬತ್ತು ಮೊಟ್ಟೆಗಳ ಮೇಲೆ ಕಾವಿಗೆ ಕೂತಿತ್ತು. ಬೇರೆ ಯಾರು ಕೈಯೊಡ್ಡಿದರೂ ಕುಕ್ಕುತ್ತಿತ್ತು, ನನ್ನನ್ನು ಮಾತ್ರ ಬಿಡುತ್ತಿತ್ತು. ಅದಕ್ಕೇ ಅಣ್ಣ ನನ್ನ ಬೆನ್ನು ಬಿದ್ದ.

"ಒಂದು ಮೊಟ್ಟೆ ತಂದ್ಕೊಡೇ. ನೋಡ್ಬುಟ್ಟು ಮುಚ್ಕೊಡ್ತೀನಿ. ಮರಿ ಆಗೇ ಆಯ್ತದೆ."

ಕಾವಿನ ಐದನೇ ದಿನ ಒಂದನ್ನು ತಂದುಕೊಟ್ಟೆ. ಚಿಪ್ಪಿನಲ್ಲಿ ಸಣ್ಣ ಕಿಂಡಿ ಕೊರೆದು ತೋರಿಸಿದ. ಅವರೆಕಾಳಿನಷ್ಟು ಜೀವ, ಕಾಲೆಂಬುದು ಬರೀ ಮೊಳಕೆ. ಆ ಕಾಲು ಅಲುಗಲಿಲ್ಲ. ಮೇಣ ಮೆತ್ತಿ ಗುರುತು ಸಿಗದಂತೆ ಮುಚ್ಚಿದ, ನಾನು ಗೂಡಿಗೆ ವಾಪಸಿಟ್ಟೆ. ಎಂಟನೇ ದಿನ ಮತ್ತೊಂದನ್ನು ಕೊರೆದಾಗ, ಒಳಗಿನ ಕಾಲು ನಮ್ಮ ಕಣ್ಣೆದುರೇ ಮಿಸುಕಿತು.

"ನೋಡ್ದಾ? ನರ ಬಂದು ಮಾಂಸಕ್ಕೆ ಸೇರ್ಕೊಂಡದೆ. ಬೆನ್ನಿಂದ ದಾರದಂಗೆ ಬೆಳ್ಕೊಂಡು ಓಯ್ತದೆ. ಕಾಲಿಂದು ಕಾಲಿಗೆ, ರೆಕ್ಕೇದು ರೆಕ್ಕೆಗೆ."

"ದಾರಿ ಯಾರು ತೋರುಸ್ತಾರಣ್ಣ?"

"ನಮ್ ಮೇಷ್ಟ್ರಿಗೇ ಸರ್ಯಾಗಿ ಗೊತ್ತಿಲ್ಲ. ತುದೀಲಿ ತಡವ್ಕೊಂಡು ಓಯ್ತದಂತೆ."

"ಮದ್ದೂರು ಸಂತೇಲಿ ತಪ್ಪುಸ್ಕೊಂಡು ಅತ್ತೋನು ನೀನು. ನಿನಗಿಂತ ಅದೇ ವಾಸಿ."

ಅಣ್ಣ ನಕ್ಕು ತಲೆಗೆ ಮೊಟಕಿದ. ಅವನು ನನ್ನೊಡನೆ ಓದಿನ ಮಾತಾಡಿದ್ದು ಅದೇ ಮೊದಲು. ಆ ಖುಷಿಗೆ ಇನ್ನೂ ಎರಡು ತಂದುಕೊಟ್ಟೆ.

ನಾನು ಗೂಡು ಕೆದಕಿ ಕೆದಕಿ, ಕೋಳಿ ಕಾವು ಬಿಟ್ಟೆದ್ದಿತು. ಒಂದೂ ಮರಿಯಾಗಲಿಲ್ಲ. ಮುಟ್ಟಾದ ಹೆಂಗಸಿನ ಕೈ ತಾಕಿದರೆ ಕಾವಿನ ಮೊಟ್ಟೆ ಕೆಡುತ್ತದೆಂದು ನಮ್ಮ ಕಡೆಯ ನಂಬಿಕೆ.

"ಗೂಡಿಗೆ ಕೈ ಆಕ್ದೋರು ಯಾರ್ಲಾ?" ಎಂದು ಅವ್ವ ಅಣ್ಣನನ್ನು ಕೇಳಿದಳು.

"ಅವ್ಳೇ ಕಣವ್ವ. ನಾನೇ ಕಂಡೆ," ಎಂದ. ತಾನು ಕೇಳಿದ್ದನ್ನು ಹೇಳಲಿಲ್ಲ, ಕೊರೆದದ್ದನ್ನೂ ಹೇಳಲಿಲ್ಲ.

ಅವ್ವ ನನ್ನ ರಟ್ಟೆ ಹಿಡಿದು ಹಿತ್ತಲಿಗೆ ಎಳೆದೊಯ್ದಳು. "ಎಷ್ಟ್ ದಿನದಿಂದ ಮುಚ್ಚಿಟ್ಟಿದ್ದೀಯೇ? ಇಸ್ಕೂಲಿಗೋಗೋ ಆಸೆಗಾ?"

ಇಲ್ಲವ್ವ, ನಾನಿನ್ನೂ ದೊಡ್ಡವಳಾಗಿಲ್ಲ ಎಂದೆ. ನಾಚಿಕೆಗೆ ಅದಕ್ಕಿಂತ ಹೆಚ್ಚು ಬಾಯಿ ಬರಲಿಲ್ಲ. ಅವಳು ನಂಬಲಿಲ್ಲ. ಅಣ್ಣ ಜಗಲಿಯಲ್ಲೇ ಕೂತಿದ್ದ, ಎಲ್ಲ ಕೇಳಿಸುತ್ತಿತ್ತು. ಪುಸ್ತಕದ ಹಾಳೆ ತಿರುಗಿಸಿದ. ರಜೆ ಮುಗಿದು ಅವನು ಮೈಸೂರಿಗೆ ಹೋದ. ನಾನು ಸ್ಕೂಲಿಗೆ ಹೋಗಲಿಲ್ಲ. ನಿಜವಾಗಿ ದೊಡ್ಡವಳಾದದ್ದು ಮಾರನೇ ವರ್ಷ.

ನಿಮ್ಮ ತಾತ ತೀರಿಕೊಂಡ ಮೇಲೆ ಅಣ್ಣ ಒಮ್ಮೆ ಊಟಕ್ಕೆ ಬಂದಿದ್ದಾಗ, ಧೈರ್ಯ ಮಾಡಿ ಆ ಮಾತು ಎತ್ತಿದೆ.

"ಎಂಗೂ ಇಸ್ಕೂಲ್ ಬುಡ್ಸೋರೇ ಇದ್ರಲ್ಲಮ್ಮ. ಒಂದೊರ್ಷ ಮುಂಚೆ ಆಯ್ತು, ಅಷ್ಟೇ ಬುಡು," ಎಂದ.

ಆ ಒಂದು ವರ್ಷ ನನ್ನದಾಗಿತ್ತು ಎಂದು ನಾಲಿಗೆಯ ತುದಿಯವರೆಗೆ ಬಂತು. ಅವನ ತಟ್ಟೆಗೆ ಇನ್ನೊಂದು ಮುದ್ದೆ ಇಕ್ಕಿದೆ.