ಸಾವಿತ್ರೆವ್ವನ ಬಾನಿಯಲ್ಲಿ ಮೀನು

...ಹಾಂ, ಬದನೆಕಾಯಿ ಮಾತಿನಲ್ಲಿ ನಿಂತಿದ್ದೆವಲ್ಲ? ತರಕಾರಿಯವಳು ಬದನೆಕಾಯಿ ತಂದರೆ ನಮ್ಮ ಮನೋಳಿಯ ಸಾವಿತ್ರೆವ್ವ ಒಂದೊಂದನ್ನೂ ತಿರುಗಿಸಿ ತೂತು ಹುಡುಕುತ್ತಾಳೆ. ತೂತು ಸಿಕ್ಕರೆ "ಹುಳಾ ಐತಿ" ಅಂತ ಜಗಳ. ಸಿಗದಿದ್ದರೆ "ಎಣ್ಣಿ ಹೊಡದಾರ, ಅದಕ್ಕ ಹುಳಾನೂ ಮುಟ್ಟಿಲ್ಲ" ಅಂತ ಜಗಳ. ತೊಂಬತ್ತರ ದಶಕದ ಕೊನೆಯಲ್ಲಿ ಪೋಲಿಯೊ ಹನಿ ಹಾಕಲು ಮನೆಗೆ ಬಂದ ನರ್ಸಮ್ಮನಿಗೆ ಈಕೆ ಹೇಳಿದ್ದು ಏನು ಗೊತ್ತೆ? "ಮೊದಲ ನಿಮ್ಮ ಬಾಯಾಗ ಹಾಕ್ಕೋರಿ, ನಾ ನೋಡತೇನಿ." ಆ ನರ್ಸಮ್ಮ ನಗುತ್ತ ಹಾಕಿಕೊಂಡ ಮೇಲೆಯೇ ಮಗಳ ಕೂಸನ್ನು ಮುಂದೆ ಮಾಡಿದಳು.

ನನಗೆ ಆಕೆಯಲ್ಲಿ ಹಿಡಿಸುವುದೇ ಇದು. ಸಂಶಯ ಬಂತು ಅಂತ ಬಾಗಿಲು ಹಾಕಿಕೊಂಡು ಒಳಗೆ ಕೂರುವವರು ಬೇಕಾದಷ್ಟು ಜನ. ಸಾವಿತ್ರೆವ್ವನಿಗೆ ಸಂಶಯ ಬಂದರೆ ಸೆರಗು ಸಿಗಿಸಿಕೊಂಡು ಎದ್ದೇ ಬಿಡುತ್ತಾಳೆ, ನೋಡಿಕೊಂಡೇ ಬರುತ್ತಾಳೆ.

ಇದು ಎರಡು ಸಾವಿರದ ಆರನೇ ಇಸವಿಯ ಮಾತು. ಆ ವರ್ಷ ನಮ್ಮ ಕಡೆ ಚಿಕುನ್‌ಗುನ್ಯಾ ಬಂದಿತ್ತು, ನೆನಪಿದೆಯಲ್ಲ? ಓಣಿಯಲ್ಲಿ ನೆಟ್ಟಗೆ ನಡೆಯುವವರೇ ಇರಲಿಲ್ಲ. ಜ್ವರವೇನೋ ಬಂದು ಹೋಗುತ್ತಿತ್ತು, ಕೀಲುನೋವು ಮಾತ್ರ ಊಟಕ್ಕೆ ಬಂದ ಬೀಗರ ಹಾಗೆ ಎದ್ದು ಹೊರಡುವ ಮಾತೇ ಆಡುತ್ತಿರಲಿಲ್ಲ. ಸಾವಿತ್ರೆವ್ವನ ಗಂಡ ದುಂಡಪ್ಪನಿಗೂ ಬಂತು. ಮುಷ್ಟಿ ಮುಚ್ಚಲು ಆಗದು, ಎತ್ತಿನ ಹಗ್ಗ ಹಿಡಿಯಲು ಆಗದು, ಬಸ್ಸು ಹತ್ತುವುದಂತೂ ದೂರದ ಮಾತು. ಇಡೀ ದಿನ ಹಿತ್ತಲಲ್ಲಿ, ದನ ನೀರು ಕುಡಿಯುವ ಕಲ್ಲಿನ ಬಾನಿಗಳ ಪಕ್ಕ, ಒಂದು ಗೋಣಿತಟ್ಟು ಹಾಸಿಕೊಂಡು ಕೂತಿರುತ್ತಿದ್ದ.

ಜ್ವರ ಎಲ್ಲಿಂದ ಬಂತು ಅನ್ನುವುದಕ್ಕೆ ಓಣಿಯಲ್ಲಿ ಬಾಯಿಗೊಂದು ಮಾತು. ಎದುರು ಮನೆಯ ಗಂಗಪ್ಪ ಹೊಳೆಯ ನೀರಿನ ಮೇಲೆ ಹಾಕಿದ. ಪಕ್ಕದ ಸೋಮವ್ವ ಸೊಳ್ಳೆಗೆ ಹೊಗೆ ಹೊಡೆಯಲು ಬಂದವರ ಮೇಲೆ ಹಾಕಿದಳು. ಸಾವಿತ್ರೆವ್ವ ಹೊಳೆಯನ್ನೂ ನಂಬಲಿಲ್ಲ, ಹೊಗೆಯನ್ನೂ ನಂಬಲಿಲ್ಲ, ಗಂಗಪ್ಪ, ಸೋಮವ್ವರನ್ನಂತೂ ಮೊದಲೇ ನಂಬುತ್ತಿರಲಿಲ್ಲ.

ಆದರೆ ಆಕೆಗೆ ನಿಜವಾದ ಸಂಕಟ ಬೇರೆಯೇ ಇತ್ತು. ಮಗ ಕಲ್ಮೇಶನ ಹೆಂಡತಿ ಅನ್ನಪೂರ್ಣಾ ಚೊಚ್ಚಲ ಹೆರಿಗೆಗೆ ಯರಗಟ್ಟಿಯ ತವರಿಗೆ ಹೋಗಿದ್ದಳು. ಹೆಣ್ಣು ಕೂಸು ಹುಟ್ಟಿತ್ತು. ಐದು ತಿಂಗಳು ತುಂಬಿ, ತಾಯಿ ಮಗುವನ್ನು ಕರೆತರುವ ಹೊತ್ತಾಗಿತ್ತು. ಆಗ ಬೀಗ ಬಸಲಿಂಗಪ್ಪ, ಯರಗಟ್ಟಿಯಲ್ಲಿ ಕಾಳುಕಡಿ ವ್ಯಾಪಾರ ಮಾಡುವವನು, ಫೋನಿನಲ್ಲಿ ಖಡಕ್ಕಾಗಿ ಹೇಳಿಬಿಟ್ಟ.

"ಬೀಗತ್ಯಾರ, ಸಿಟ್ಟಾಗಬ್ಯಾಡ್ರಿ. ನಿಮ್ಮ ಓಣ್ಯಾಗ ಸೊಳ್ಳಿ ಇರೂತನಾ ನಾ ಕೂಸಿನ್ನ ಕಳಸಾಂವ ಅಲ್ಲ. ಎಳೀ ಕೂಸಿಗೆ ಆ ಜ್ವರ ಬಂದ್ರ ಬಾಳ ಕೆಟ್ಟ ಅಂತ ಡಾಕ್ಟರ ಹೇಳ್ಯಾರ."

ಸಾವಿತ್ರೆವ್ವ ಫೋನು ಇಟ್ಟವಳೇ ಗಂಡನ ಕಡೆ ತಿರುಗಿದಳು. "ಇದು ಬರೇ ನೆವಾ ನೋಡ್ರಿ. ಗಂಡಮಕ್ಕಳಿಲ್ಲ ಆ ಮನಷ್ಯಾಗ. ನಮ್ಮ ಕಲ್ಮೇಶನ್ನ ಅಲ್ಲೇ ತಕ್ಕಡಿ ಮುಂದ ಕುಂದ್ರಿಸಿಕೊಳ್ಳೂ ಹಂಚಿಕಿ ಇದು."

"ಏ ಕಲ್ಮೇಶನವ್ವಾ, ಎಲ್ಲಾರ ಮ್ಯಾಲೂ ಸೌಂಶೇ ಪಡಬ್ಯಾಡ" ಅಂದ ದುಂಡಪ್ಪ. ಅಂದ ಮೇಲೆ ತನ್ನ ಬೆರಳು ನೋಡಿಕೊಳ್ಳುತ್ತ ಕೂತ. ಮೊಮ್ಮಗಳ ಮುಖವನ್ನು ಅವನು ಇನ್ನೂ ನೋಡಿಯೇ ಇರಲಿಲ್ಲ.

ಆ ವಾರವೇ ನಾಗರತ್ನಾ ಊರಿಗೆ ಬಂದಳು. ಬೈಲಹೊಂಗಲ ಕಡೆಯ ಹುಡುಗಿ, ಧಾರವಾಡದಲ್ಲಿ ಓದುತ್ತ ಸೊಳ್ಳೆಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ.

"ಏನದು ಡಬ್ಬ್ಯಾಗ?"

"ಮೀನ್ರಿ ಅಮ್ಮಾರ. ಗಪ್ಪಿ ಮೀನ."

"ಮೀನಾ! ಅಲ್ಲೇ ನಿಂದರು. ಲಿಂಗಾ ಕಟ್ಟಿದವರ ಮನಿ ಇದು, ಹೊಸ್ತಲಾ ದಾಟಬ್ಯಾಡ."

"ತಿನ್ನಾಕ ಅಲ್ರಿ."

"ತಿನ್ನಾಕಲ್ಲಂದ್ರ ಮತ್ಯಾತಕ, ಲಗ್ನಾ ಮಾಡಾಕ?"

ನಾಗರತ್ನಾ ನಕ್ಕಳು, ಆದರೆ ಹೊಸ್ತಿಲು ದಾಟಲಿಲ್ಲ. ಪಕ್ಕದ ಸಂದಿಯಿಂದ ಹಿತ್ತಲಿಗೆ ಬಂದು, ಬಾನಿಯೊಳಗಿನ ನೀರನ್ನು ಒಂದು ಮಗ್ಗಿನಲ್ಲಿ ಮೊಗೆದು ತೋರಿಸಿದಳು. ಕೂದಲೆಳೆಯಷ್ಟು ಸಣ್ಣ ಹುಳಗಳು ತಲೆಕೆಳಗಾಗಿ ಕುಣಿಯುತ್ತಿದ್ದವು.

"ಇವ ಸೊಳ್ಳಿ ಮರಿರಿ. ಈ ಮೀನ ಇವನ್ನ ತಿಂತಾವ. ಮರೀನ ಇಲ್ಲಂದ್ರ ಸೊಳ್ಳಿ ಎಲ್ಲಿಂದ ಬರಬೇಕ್ರಿ?"

"ನೀರಿನ ಹುಳಾ ಇವು. ನಾ ಹುಟ್ಟಿದಾಗಿಂದ ನೋಡೇನಿ. ಇವಕ್ಕೆಲ್ಲಿ ರೆಕ್ಕಿ ಬರತಾವ, ಸುಳ್ಳ ಹೇಳತಿ."

ಹುಡುಗಿಯನ್ನು ಕಳಿಸಿದಳು ನಿಜ. ಆದರೆ ಆಕೆ ಹೋದ ಮೇಲೆ ಒಂದು ಉಪ್ಪಿನಕಾಯಿ ಭರಣಿ ತೊಳೆದು, ಅದರಲ್ಲಿ ಹುಳ ಸಮೇತ ನೀರು ತುಂಬಿ, ಬಾಯಿಗೆ ತೆಳು ಅರಿವೆ ಕಟ್ಟಿ, ಗೋಡೆಯ ಮಾಡದಲ್ಲಿಟ್ಟಳು. ದಿನಾ ನೋಡಿದಳು. ಒಂದು ಮುಂಜಾನೆ ಅರಿವೆಯ ಒಳಮೈಗೆ ಬಿಳಿ ಪಟ್ಟೆಯ ಕಾಲಿನ ಸೊಳ್ಳೆಗಳು ಅಂಟಿಕೊಂಡು ಕೂತಿದ್ದವು. ಸಾವಿತ್ರೆವ್ವ ಭರಣಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ನಾಗರತ್ನಾ ಇಳಿದುಕೊಂಡಿದ್ದ ಮನೆಗೆ ತಾನೇ ಹೋದಳು.

"ಬಾನ್ಯಾಗ ಬಿಡು. ಕುಡಿಯೂ ನೀರಿನ ಟಾಕಿಗೆ ಕೈ ಹಚ್ಚಿದರ ನೋಡ ಮತ್ತ."

"ಟಾಕಿ ಮುಚ್ಚಿಡ್ರಿ, ವಾರಕ್ಕೊಮ್ಮೆ ತಿಕ್ಕಿ ಒಣಗಸ್ರಿ ಸಾಕ. ಬಾನಿಯಂತೂ ಎತ್ತಿ ಬೋರಲ ಹಾಕಾಕ ಆಗೂದಿಲ್ಲಲ್ರಿ, ಅದಕ್ಕ ಮೀನ."

ಹಾಗೆ ಎರಡು ಬಾನಿಗೂ ಮೀನು ಬಂದವು. ಸಾವಿತ್ರೆವ್ವನೇ ಒಪ್ಪಿದ ಮೇಲೆ ಓಣಿಯವರೆಲ್ಲ ಒಪ್ಪಿದರು.

ಒಪ್ಪಿದರು ಸರಿ, ಈಗ ಕೇಳಿ ಮುಂದಿನ ಫಜೀತಿ. ನಮ್ಮ ಕಡೆ ಮನೆಗೆ ಬಂದವರನ್ನು ಉಣ್ಣಿಸದೆ ಕಳಿಸುವುದಿಲ್ಲ. ದನಕ್ಕೆ ಹಿಂಡಿ, ನಾಯಿಗೆ ರೊಟ್ಟಿ, ಗುಬ್ಬಿಗೆ ಕಾಳು, ಎಲ್ಲ ಆದ ಮೇಲೆ ಯಜಮಾನತಿಯ ಊಟ. ಮೀನು ಏನು ತಿನ್ನುತ್ತದೆ ಅಂತ ಈ ಓಣಿಯಲ್ಲಿ ಯಾರಿಗೆ ಗೊತ್ತು? ಮೀನು ಸಾಕಿದವರಿಲ್ಲ, ತಿಂದವರೂ ಇಲ್ಲ. ಹುಳ ತಿನ್ನುತ್ತವೆ ಅಂತ ನಾಗರತ್ನಾ ಹೇಳಿದ್ದಳು. ಆದರೆ ಬರೀ ಹುಳದಲ್ಲಿ ಹೊಟ್ಟೆ ತುಂಬುತ್ತದೆಯೇ ಅಂತ ಸಾವಿತ್ರೆವ್ವನಿಗೆ ಸಂಶಯ. ಮುಂಜಾನೆ ಒಂದು ತುಣುಕು ಜೋಳದ ರೊಟ್ಟಿ ಪುಡಿ ಮಾಡಿ ಬಾನಿಗೆ ಹಾಕಿದಳು. ಮೀನು ಓಡಿ ಬಂದವು. ಮರುದಿನ ಶೇಂಗಾಹಿಂಡಿ. ಅದಕ್ಕೂ ಓಡಿ ಬಂದವು.

ಹೀಗೇ ನಡೆದಿರುವಾಗ ಬಸಲಿಂಗಪ್ಪನಿಗೆ ಫೋನು ಹೋಯಿತು. "ಮೀನ ಬಿಟ್ಟೇವಿ ಬೀಗರ, ಇನ್ನ ಕೂಸಿನ್ನ ಕಳಸ್ರಿ." ಆತ ತಾನೇ ನೋಡಲು ಬಂದ. ಜೀವಮಾನವೆಲ್ಲ ಚೀಲದ ತಳಕ್ಕೆ ಕೈ ಹಾಕಿ ಕಾಳು ನೋಡಿದ ಮನುಷ್ಯ. ಅಂಗಿಯ ತೋಳು ಏರಿಸಿ, ಮಗ್ಗು ಹಿಡಿದು, ಬಾನಿಯೊಳಗೆ ಮೊಣಕೈತನಕ ಇಳಿಸಿ ಎತ್ತಿದ. ಬಿಸಿಲಿಗೆ ಹಿಡಿದ. ಹುಳ ಕುಣಿಯುತ್ತಿದ್ದವು.

"ನೋಡ್ರಿ ಬೀಗತ್ಯಾರ. ಚೀಲದ ಬಾಯಾಗ ಚೊಲೋ ಕಾಳ, ಅಡ್ಯಾಗ ಹೊಟ್ಟು. ಹಂಗಾತಿದು."

ಚಹಾ ಕುಡಿದ. ದುಂಡಪ್ಪನ ಬೆರಳು ಹಿಡಿದು ನೋಡಿ ಮರುಗಿದ. ಆದರೆ ಕೂಸಿನ ಮಾತು ಎತ್ತಲಿಲ್ಲ, ಯರಗಟ್ಟಿ ಬಸ್ಸು ಹತ್ತಿದ.

ಸಾವಿತ್ರೆವ್ವನ ಸಿಟ್ಟೆಲ್ಲ ನಾಗರತ್ನಾಳ ಮೇಲೆ ಇಳಿಯಿತು. "ಧಾರವಾಡದಿಂದ ಬಂದ ನಮ್ಮ ಮಾರಿಗೆ ಮಸಿ ಬಳದಿ. ನಿನ್ನ ಮೀನಕ್ಕ ಕಣ್ಣಿಲ್ಲೇನ, ಹಲ್ಲಿಲ್ಲೇನ?"

ಹುಡುಗಿ ಬಾನಿಗೆ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. "ಬಾಳ ದಪ್ಪ ಆಗ್ಯಾವಲ್ರಿ. ನೀವೇನರೆ ಹಾಕತೀರೇನ್ರಿ ಇವಕ?"

"ಹಾಕಲಾರದ? ಮನಿಗೆ ಬಂದ ಜೀವಾ ಉಪಾಸ ಇಡೂದು ನಮ್ಮಲ್ಲಿ ಇಲ್ಲವ್ವಾ."

ನಾಗರತ್ನಾ ಹಣೆ ಹಣೆ ಬಡಿದುಕೊಂಡಳು. "ಯವ್ವಾ! ರೊಟ್ಟಿ ತಿಂದ ಹೊಟ್ಟಿ ತುಂಬಿದರ ಹುಳಾ ಯಾಕ ತಿಂತಾವ್ರಿ? ತಪ್ಪ ನಂದ. ಹಾಕಬ್ಯಾಡ್ರಿ ಅಂತ ಮೊದಲ ಹೇಳಬೇಕಾಗಿತ್ತ."

ಆಕೆ ಅಲ್ಲಿಂದಲೇ ಮನೆಮನೆಗೆ ಹೋಗಿ ಕೇಳಿದಳು. ಸೋಮವ್ವ ಬಾಳೆಹಣ್ಣು ಹಾಕುತ್ತಿದ್ದಳು. ಗಂಗಪ್ಪ ಇಡ್ಲಿ. ಸಂಶೋಧನೆಯ ಮೀನುಗಳಿಗೆಲ್ಲ ಓಣಿಯಲ್ಲಿ ಹಬ್ಬ ನಡೆದಿತ್ತು.

ಆದರೂ ಸಾವಿತ್ರೆವ್ವ ಅಷ್ಟಕ್ಕೇ ನಂಬಿದಳು ಅಂದುಕೊಂಡಿರಾ? ತನ್ನ ತಪ್ಪು ಮುಚ್ಚಿಕೊಳ್ಳಲು ಈ ಹುಡುಗಿ ರೊಟ್ಟಿಯ ಮೇಲೆ ಹಾಕುತ್ತಿದ್ದಾಳೋ ಏನೋ. ಅದಕ್ಕೆ ಒಂದು ಉಪಾಯ ಮಾಡಿದಳು. ಎತ್ತಿನ ಬಾನಿಯ ಮೀನಿಗೆ ಮೊದಲಿನಂತೆ ರೊಟ್ಟಿ. ಎಮ್ಮೆಯ ಬಾನಿಯ ಮೀನಿಗೆ ಏನೂ ಇಲ್ಲ. "ಎಮ್ಮಿ ಬಾನ್ಯಾಗ ಹುಳಾ ಹ್ವಾದರ ನಿನ್ನ ಮಾತ ಖರೆ. ಹೋಗಲಿಲ್ಲಂದ್ರ ನಿನ್ನ ಮೀನಾ ನೀ ತಗೊಂಡ ನಡಿ" ಅಂತ ನಾಗರತ್ನಾಳ ಮುಂದೆಯೇ ಹೇಳಿದಳು.

ಮುಂದಿನ ವಾರ ಸೌಟು ಹಿಡಿದು ನೋಡಿದರೆ ಎರಡೂ ಬಾನಿಯಲ್ಲಿ ಹುಳ ಹಾಗೇ ಇವೆ. ನಾಗರತ್ನಾಳ ಮುಖ ಸಣ್ಣದಾಯಿತು. ಡಬ್ಬಿ ತರಲು ಎದ್ದಳು. ಸಾವಿತ್ರೆವ್ವ ಮಾತ್ರ ಎಮ್ಮೆಯ ಬಾನಿಯನ್ನೇ ಓರೆಗಣ್ಣಿನಿಂದ ನೋಡುತ್ತ ನಿಂತಿದ್ದಳು.

"ತಡಿ. ಉಪಾಸ ಇದ್ದ ಮೀನ ಹಿಂಗ್ಯಾಕ ಸೊಕ್ಯಾವ?"

ಮಾರನೆಯ ಮುಂಜಾನೆ, ಎಮ್ಮೆ ಹಿಂಡುವುದನ್ನು ಬಿಟ್ಟು ಜೋಳದ ಕಣಕಿಯ ಬಣವೆಯ ಹಿಂದೆ ಕುಕ್ಕರುಗಾಲಲ್ಲಿ ಕೂತಳು. ದುಂಡಪ್ಪ ಗೋಡೆ ಹಿಡಿದು ಕುಂಟುತ್ತ ಬಂದ. ಗೋಣಿತಟ್ಟಿನ ಮೇಲೆ ಕೂತ. ಅತ್ತಿತ್ತ ನೋಡಿದ. ಅಂಗಿಯ ಕಿಸೆಯಿಂದ ಚುರಮುರಿ ತೆಗೆದು, ಮಡಚಲಾಗದ ಬೆರಳುಗಳಲ್ಲಿ ಹೇಗೋ ಒತ್ತಿ ಪುಡಿ ಮಾಡಿ, ಎಮ್ಮೆಯ ಬಾನಿಗೆ ಉದುರಿಸಿದ.

"ತಿನ್ರಪಾ, ಲಗೂ ಲಗೂ ತಿನ್ರಿ. ಆಕಿ ಬರೂದ್ರಾಗ ಮುಗಸ್ರಿ."

"ಆಕಿ ಬಂದಾಳ" ಅಂತ ಬಣವೆ ಮಾತಾಡಿತು.

ದುಂಡಪ್ಪ ಬೆಚ್ಚಿಬಿದ್ದ. "ಅದು... ಬೆರಳ ಆಡಸಾಕ ಡಾಕ್ಟರ ಹೇಳ್ಯಾರಲ್ಲ."

"ಡಾಕ್ಟರ ಚುರಮುರಿ ಬರದ ಕೊಟ್ಟಾರೇನ?"

"ಏನ ಮಾಡ್ಲೆ? ದಿನಾ ಇಲ್ಲೇ ಕುಂದರತೇನಿ. ಆ ಬಾನ್ಯಾಗಿನವು ಉಣ್ಣತಾವ, ಇವು ಬಾಯಿ ತಗದ ನನ್ನ ಮಾರಿ ನೋಡತಾವ. ನನಗ ರೊಟ್ಟಿ ಗಂಟಲಾಗ ಇಳಿಯೂದಿಲ್ಲ."

"ಮೀನಾ ಬಾಯಿ ತಗೀಲಾರದ ಮುಚ್ಚಿಕೊಂಡ ಕುಂದರತಾವೇನ್ರಿ?" ಸಾವಿತ್ರೆವ್ವ ಹತ್ತಿರ ಬಂದು ಕೂತಳು. ದನಿ ತಗ್ಗಿತು. "ಮೀನಿನ ಮಾರಿ ನೋಡಿದ್ದು ಸಾಕ. ಮೊಮ್ಮಗಳ ಮಾರಿ ನೋಡೂದು ಬ್ಯಾಡೇನು?"

ದುಂಡಪ್ಪ ಕಿಸೆಗೆ ಕೈ ಹಾಕಿದ. ಉಳಿದಿದ್ದ ಚುರಮುರಿಯನ್ನು ಹೆಂಡತಿಯ ಕೈಗೆ ಸುರಿದ. ಗೋಣಿತಟ್ಟು ಎತ್ತಿಕೊಂಡು, ಮೀನು ಕಣ್ಣಿಗೆ ಬೀಳದ ಹಾಗೆ ಮುಂದಿನ ಕಟ್ಟೆಗೆ ಹೋಗಿ ಕೂತ.

ಆಮೇಲೆ ಎಮ್ಮೆಯ ಬಾನಿಯ ಹುಳ ಹೋದವು. ಎತ್ತಿನ ಬಾನಿಯಲ್ಲಿ ಹಾಗೇ ಉಳಿದವು. ಅದನ್ನು ತನ್ನ ಸೌಟಿನಲ್ಲೇ ಮೊಗೆದು ನೋಡಿದ ಮೇಲೆ ಸಾವಿತ್ರೆವ್ವ ಎತ್ತಿನ ಬಾನಿಗೂ ರೊಟ್ಟಿ ನಿಲ್ಲಿಸಿದಳು. ಅಷ್ಟಕ್ಕೇ ಬಿಟ್ಟಳೆ? ಅದೇ ಸೌಟು ಹಿಡಿದು ಓಣಿಗೆ ಇಳಿದಳು.

"ನಮ್ಮ ಬಾನ್ಯಾಗ ಸೌಟ ಹಾಕಾಕ ಈಕಿ ಯಾರ?" ಅಂತ ಸೋಮವ್ವ ಕೂಗಾಡಿದಳು.

"ನಿನ್ನ ಸೊಳ್ಳಿಗೆ ನಿನ್ನ ಮನಿ ಯಾವದು, ನನ್ನ ಮನಿ ಯಾವದು ಗೊತ್ತೈತೇನ? ಬಾಳಿಹಣ್ಣ ನೀ ತಿನ್ನು, ಮೀನಕ್ಕ ಹಾಕಬ್ಯಾಡ."

ಕೊನೆಗೆ ಬಸಲಿಂಗಪ್ಪನಿಗೆ ಫೋನು ಮಾಡಿದಾಗ ಆಕೆ ಬೇಡಿಕೊಳ್ಳಲಿಲ್ಲ. "ನೀವ ಬಂದ ಕೈ ಹಾಕಿ ನೋಡ್ರಿ" ಅಂದಳು, ಅಷ್ಟೇ. ಆತ ಬಂದ. ತೋಳು ಏರಿಸಿದ. ಎರಡೂ ಬಾನಿಯ ತಳದಿಂದ ಮೊಗೆದ, ಸೋಮವ್ವನ ಬಾನಿಗೂ ಹೋದ, ಗಂಗಪ್ಪನ ಬಾನಿಗೂ ಹೋದ. ಹುಳ ಸಿಗಲಿಲ್ಲ.

"ಔಷಧ ಹಾಕೀರೇನ ಗುಟ್ಟಿಲೆ?"

"ಔಷಧ ಹಾಕಿದ್ದರ ಎಮ್ಮಿ ಕುಡೀತಿತ್ತೇನ್ರಿ?"

ಬಸಲಿಂಗಪ್ಪ ಎಮ್ಮೆಯನ್ನು ನೋಡಿದ. ಎಮ್ಮೆ ಅವನನ್ನು ನೋಡಿತು. ಆ ವಾರದ ಕೊನೆಯಲ್ಲಿ ಅನ್ನಪೂರ್ಣಾ ಕೂಸನ್ನು ಕರೆದುಕೊಂಡು ಮನೆಗೆ ಬಂದಳು, ಅಪ್ಪ ತಾನೇ ಬಿಡಲು ಬಂದಿದ್ದ.

ದುಂಡಪ್ಪನಿಗೆ ಕೂಸನ್ನು ಹಿಡಿಯಲು ಕೈ ಬರಲಿಲ್ಲ. ತೊಡೆಯ ಮೇಲೆ ಮಲಗಿಸಿದರು. ಅವನು ಮೊಣಕೈಗಳನ್ನೇ ಗೋಡೆ ಮಾಡಿ ಇಟ್ಟುಕೊಂಡು, ಬಗ್ಗಿ ಮುಖ ನೋಡಿದ. ನೋಡುತ್ತಲೇ ಇದ್ದ. ಸಾವಿತ್ರೆವ್ವನೂ ನೋಡಿದಳು. ನೋಡಿ, ಕೂಸಿನ ಗಲ್ಲದ ಹತ್ತಿರ ಕಣ್ಣು ಒಯ್ದಳು. ಅಲ್ಲೊಂದು ಕೆಂಪು ಗುಳ್ಳೆ.

"ಬೀಗರ, ಇದೇನಿದು?"

"ಏನೋ ಕಡದಿರಬೇಕ್ರಿ."

"ಕೂಸ ಈಗ ಬಂದೈತಿ. ಇದು ಯರಗಟ್ಟಿ ಸೊಳ್ಳಿ ಕಡದದ್ದು. ನಿಮ್ಮ ಹಿತ್ತಲದಾಗ ಬಾನಿ ಅದಾವೋ ಇಲ್ಲೋ? ಕೈ ಹಾಕಿ ನೋಡೀರೇನ ಯಾವಾಗರೆ?"

ಮರುದಿನ ಬಸಲಿಂಗಪ್ಪ ಹತ್ತಿದ ಬಸ್ಸಿಗೇ ಸಾವಿತ್ರೆವ್ವನೂ ಹತ್ತಿದಳು. ತೊಡೆಯ ಮೇಲೆ ಮೀನಿನ ಡಬ್ಬಿ, ಕೈಯಲ್ಲಿ ಸೌಟು.

ಈಗ ಆ ಕೂಸು ಕಾಲೇಜಿಗೆ ಹೋಗುವಷ್ಟು ದೊಡ್ಡದಾಗಿದೆ. ದುಂಡಪ್ಪನ ಬೆರಳು ತಡವಾಗಿಯಾದರೂ ಸಡಿಲವಾದವು. ನೀವು ಸವದತ್ತಿ ಕಡೆ ಬಂದರೆ ಮನೋಳಿಗೆ ಹೋಗಿ, ಸಾವಿತ್ರೆವ್ವನನ್ನು ಕಂಡು ಮಾತಾಡಿಸಿ. ಊರು ಯಾವುದು, ಯಾರು ಕಳಿಸಿದರು, ಯಾಕೆ ಬಂದಿರಿ ಅಂತ ಕೇಳುತ್ತಾಳೆ, ಬೇಜಾರು ಮಾಡಿಕೊಳ್ಳಬೇಡಿ. ಅಷ್ಟೆಲ್ಲ ಕೇಳಿದ ಮೇಲೆ ಮೊಮ್ಮಗಳನ್ನು ಕೂಗಿ, ಹಿತ್ತಲು ತೋರಿಸಿಕೊಂಡು ಬಾ ಅನ್ನುತ್ತಾಳೆ. ಹೋಗಿಯೇ ಬನ್ನಿ, ಆ ಮುದುಕಿಯನ್ನು ನೋಡದೆ ಇರಬೇಡಿ.