ಡಾಲಿಯ ಮನೆಯ ಅಮೆರಿಕದ ಮೀನು

ಉಡುಪಿ ಕಡೆಯ ಡಾಲಿ ಹೆದರಿಕೆಯ ಹೆಂಗಸು. ಗಲ್ಫಿನ ಅಲ್ ಖೌದ್‌ ಊರಿನ ಒಂದು ದಂತ ಚಿಕಿತ್ಸಾಲಯದಲ್ಲಿ ರಿಸೆಪ್ಶನಿಸ್ಟ್. ಲಿಫ್ಟ್ ಎಂದರೆ ಎದೆ ಹೊಡೆದುಕೊಳ್ಳುತ್ತದೆಂದು ನೆಲಮಹಡಿಯ ಫ್ಲ್ಯಾಟನ್ನೇ ಹುಡುಕಿ ಹಿಡಿದಿದ್ದಳು. ಗ್ಯಾಸ್ ಆರಿಸಿದ ಮೇಲೆ ಮತ್ತೊಮ್ಮೆ ಎದ್ದು ಹೋಗಿ ನೋಡುವವಳು.

ಅಂಥವಳ ಮನೆಗೆ ಅಮೆರಿಕದ ಸನ್‌ಫಿಶ್ ಎಂಬ ಮೀನು ಬಂದದ್ದು ಗಂಡ ಆಸ್ವಾಲ್ಡ್‌ನಿಂದ. ಊರಿಗೆ ಮರಳುತ್ತಿದ್ದ ಅಮೆರಿಕನ್ ಮೇಷ್ಟ್ರೊಬ್ಬರು ಗಾಜಿನ ತೊಟ್ಟಿಯ ಸಮೇತ ಅದನ್ನು ಅವನಿಗೆ ಒಪ್ಪಿಸಿದ್ದರು. ನಮ್ಮ ಮಾಂಜಿ ಮೀನಿನಂತೆ ಚಪ್ಪಟೆ, ಕಿತ್ತಳೆ ಹೊಟ್ಟೆ, ಕೆನ್ನೆಯ ಮೇಲೆ ನೀಲಿ ಗೆರೆಗಳು. ಆಸ್ವಾಲ್ಡ್ ಬಂದರೆ ಗಾಜಿಗೆ ಅಂಟಿಕೊಂಡು ಕಾಯುತ್ತಿತ್ತು. ಡಾಲಿ ಕೈ ಇಟ್ಟರೆ ಬೆರಳಿಗೆ ಗುದ್ದುತ್ತಿತ್ತು. ಮೇಷ್ಟ್ರು ಹೋಗುವಾಗ ಒಂದೇ ಮಾತು ಹೇಳಿದ್ದರು: ಇದನ್ನು ಎಂದೂ ವಾದಿಗೆ, ಅಂದರೆ ಇಲ್ಲಿನ ಹಳ್ಳಕ್ಕೆ, ಬಿಡಬೇಡಿ, ಅಲ್ಲಿನ ಪುಟ್ಟ ಮೀನುಗಳನ್ನು ತಿಂದು ಮುಗಿಸೀತು. ಆ ಮಾತೂ ಡಾಲಿಯ ಹೆದರಿಕೆಗಳ ಸಾಲಿಗೆ ಸೇರಿತು.

ಆಸ್ವಾಲ್ಡ್‌ಗೆ ದೂರದ ಸುವೈಕ್‌ನಲ್ಲಿ ಕೆಲಸ ಸಿಕ್ಕಿ, ವಾರವಿಡೀ ಅವನು ಅಲ್ಲಿಯೇ ಇರತೊಡಗಿದ. ಹಾಗಿರುವಾಗ ಒಂದು ಬೆಳಿಗ್ಗೆ ಆಕಾಶ ಕಪ್ಪಾಗಿ ಮಳೆ ಸುರಿಯಲಾರಂಭಿಸಿತು. ಮಧ್ಯಾಹ್ನದೊಳಗೆ ಪಕ್ಕದ ವಾದಿ ಉಕ್ಕಿ ರಸ್ತೆಗೆ ಬಂತು. ಬಾಗಿಲ ಸಂದಿಯಿಂದ ಕೆಂಪು ನೀರು ನುಗ್ಗಿದಾಗ ಡಾಲಿ ಗಂಡನಿಗೆ ಫೋನ್ ಮಾಡಿದಳು.

"ಮೊದ್ಲು ಮೇನ್ ಸ್ವಿಚ್ ಆಫ್ ಮಾಡು. ಒದ್ದೆ ಕೈಯಲ್ಲಿ ಮುಟ್ಬೇಡ."

"ಶಾಕ್ ಹೊಡೆದ್ರೆ?"

"ಕುರ್ಚಿ ಮೇಲೆ ನಿಂತು, ಮರದ ಸೌಟಲ್ಲಿ ತಳ್ಳು. ಆಮೇಲೆ ಮೇಲೆ ಬಶೀರ್‌ನ ಮನೆಗೆ ಹೋಗು. ಮೀನು ಹೋದ್ರೆ ಹೋಗ್ಲಿ ಮಾರಾಯ್ತಿ!"

ಕಣ್ಣು ಮುಚ್ಚಿ ಸ್ವಿಚ್ ಇಳಿಸಿದಳು. ಎ.ಸಿ., ತೊಟ್ಟಿಯ ಗುಳ್ಳೆ, ಎಲ್ಲವೂ ಒಮ್ಮೆಲೇ ನಿಂತವು. ನೀರು ಮೊಣಕಾಲಿಗೆ ಬಂದಿತ್ತು. ಬಾಗಿಲ ಆಚೆ ಬಶೀರ್ ಬಡಿಯುತ್ತಿದ್ದ. ಮೇಲಿನ ಮನೆಯ ಬ್ಯಾರಿ ಹುಡುಗ, ಅಂಗಡಿ ಇಟ್ಟುಕೊಂಡವನು.

"ಡಾಲಿಯಕ್ಕಾ, ಯಲ್ಲಾ, ಬೇಗ ತೆಗೀರಿ!"

ಚಿಲಕಕ್ಕೆ ಕೈ ಹಾಕಿದ್ದಳು. ಅಷ್ಟರಲ್ಲಿ ನೆನೆದು ಉಬ್ಬಿದ ಸ್ಟ್ಯಾಂಡ್ ವಾಲಿ, ತೊಟ್ಟಿ ದಢಾರನೆ ಬಿದ್ದು ಒಡೆಯಿತು. ಕಾಲಿಗೆ ತಣ್ಣನೆಯದೇನೋ ಸವರಿಕೊಂಡು ಹೋಯಿತು. ಡಾಲಿ ಕಿರುಚಿದಳು.

"ಎಂತಾಯ್ತು ಅಕ್ಕಾ?"

"ಮೀನು! ಈಗ ಬಾಗ್ಲು ತೆಗೆದ್ರೆ ವಾದಿಗೆ ಹೋಗ್ತದೆ!"

"ನಿಮ್ಗೆ ತಲೆ ಸರಿ ಉಂಟಾ? ನೀರು ಏರ್ತಾ ಉಂಟು!"

ಅವಳಿಗೆ ಅಳು ಬಂತು. ಓಡಿಹೋಗಬೇಕೆನಿಸಿತು. ಆದರೂ ಚಿಲಕ ತೆಗೆಯಲಿಲ್ಲ. ಒಗೆಯುವ ಬಟ್ಟೆಯ ಬುಟ್ಟಿ ಹಿಡಿದು, ಒಡೆದ ಗಾಜು ಎಲ್ಲಿದೆಯೋ ಎಂದು ಪಾದ ಎಳೆಯುತ್ತಾ ಹೋದಳು. ಫ್ರಿಜ್ ಮತ್ತು ಗೋಡೆಯ ನಡುವೆ ಕಿತ್ತಳೆ ಬಣ್ಣ ಒಮ್ಮೆ ಮಿನುಗಿತು. ಸಂದಿಗೆ ಬುಟ್ಟಿಯ ಬಾಯಿ ಒಡ್ಡಿ, ಆ ಕಡೆಯಿಂದ ಬರಿಗೈಯನ್ನೇ ಕೆಸರು ನೀರಿಗಿಳಿಸಿ ದೂಡಿದಳು. ಬೆನ್ನ ಮುಳ್ಳು ಅಂಗೈಗೆ ಚುಚ್ಚಿತು. ಬುಟ್ಟಿ ಎತ್ತಿದಾಗ ಮೀನು ಒಳಗೆ ಪಟಪಟ ಬಡಿಯುತ್ತಿತ್ತು. ಆಗ ಚಿಲಕ ತೆಗೆದಳು. ಬಶೀರ್ ಅವಳ ತೋಳು ಹಿಡಿದು ಮೆಟ್ಟಿಲು ಹತ್ತಿಸಿದ.

ಬಶೀರ್‌ನ ಹೆಂಡತಿ ಹಲೀಮಾ ಬಕೆಟಿಗೆ ಕುಡಿಯುವ ನೀರಿನ ಬಾಟಲಿಗಳನ್ನೆಲ್ಲ ಸುರಿದಳು. ಮೀನು ಮಗ್ಗುಲಾಗಿ ತೇಲಿತು. ಇಬ್ಬರೂ ಸರದಿಯಲ್ಲಿ ಮಗ್ಗಿನಿಂದ ನೀರೆತ್ತಿ ಮೇಲಿನಿಂದ ಸುರಿಯುತ್ತಾ ಗಾಳಿ ಬೆರೆಸಿದರು. ಸಂಜೆಯ ಹೊತ್ತಿಗೆ ಅದು ನೆಟ್ಟಗಾಗಿ ಬಾಲ ಆಡಿಸಿತು. ಡಾಲಿ ಮಾತ್ರ ಬಕೆಟಿನ ಪಕ್ಕದಿಂದ ಏಳಲಿಲ್ಲ.

ಮರುದಿನ ರಸ್ತೆ ತೆರೆದು ಆಸ್ವಾಲ್ಡ್ ಬಂದ. ಕೆಸರಲ್ಲಿ ಬಿದ್ದ ಗಾಜನ್ನು ನೋಡಿ ಹೆಂಡತಿಯ ಕಡೆ ತಿರುಗಿದ.

"ನಿನಗೆ ಹೆದರಿಕೆ ಆಗ್ಲಿಲ್ವಾ?"

"ಆಯ್ತು. ಈಗ್ಲೂ ಆಗ್ತಾ ಉಂಟು."

ಇನ್ನೊಮ್ಮೆ ನೀರು ನುಗ್ಗಿದರೂ ತಾಗದಂತೆ ಹೊಸ ತೊಟ್ಟಿಯನ್ನು ಮೇಲೆ ಬಶೀರ್‌ನ ಮನೆಯಲ್ಲೇ ಇಟ್ಟರು. ದಿನಾ ಸಂಜೆ ಡಾಲಿ ಮೀನಿಗೆಂದು ಸಿಗಡಿ ಹಿಡಿದು ಮೆಟ್ಟಿಲು ಹತ್ತುತ್ತಾಳೆ. ಮೋಡ ಕಂಡ ದಿನ ಕ್ಲಿನಿಕ್ಕಿನಿಂದಲೇ ಹಲೀಮಾಳಿಗೆ ಫೋನ್ ಮಾಡಿ, ಮೀನು ಏನು ಮಾಡುತ್ತಿದೆ ಎಂದು ಕೇಳುತ್ತಾಳೆ.