ಕೂರಲು ಬಾರದವಳು

ಆಸ್ಪತ್ರೆಯ ಲಾಂಡ್ರಿಯಲ್ಲಿ ಕಾಲಿಗೆ ಚಕ್ರ ಕಟ್ಟಿಕೊಂಡಂತೆ ಓಡಾಡುವ ಅವಳಿಗೆ ಚಕ್ರದಕ್ಕ ಎಂದು ಹೆಸರಿಟ್ಟವರು ಯಾರೆಂದು ಈಗ ಯಾರಿಗೂ ನೆನಪಿಲ್ಲ. ಇಪ್ಪತ್ತಾರು ವರ್ಷದಿಂದ ಅವಳು ಆ ನೆಲಮಾಳಿಗೆಯಲ್ಲಿ ಕೆಲಸ ಮಾಡುತ್ತಿದ್ದಳು. ಬೆಳಿಗ್ಗೆ ಏಳಕ್ಕೆ ವಾರ್ಡುಗಳಿಂದ ಕೊಳೆಬಟ್ಟೆಯ ಗಾಡಿಗಳು ಇಳಿಯುತ್ತಿದ್ದವು. ಹಾಸುಬಟ್ಟೆ ಒಂದು ಕಡೆ, ದಿಂಬಿನ ಕವರು ಒಂದು ಕಡೆ, ಆಪರೇಷನ್ ಕೋಣೆಯ ಹಸಿರು ಬಟ್ಟೆ ಬೇರೆಯೇ ಒಂದು ಕಡೆ. ರಕ್ತದ ಕಲೆಗೆ ಮೊದಲೇ ಬಿಸಿನೀರು ತಾಗಿಸಿದರೆ ಅದು ಜನ್ಮದಲ್ಲಿ ಹೋಗುವುದಿಲ್ಲ, ತಣ್ಣೀರಲ್ಲೇ ನೆನೆಹಾಕಬೇಕು ಎಂದು ಹೊಸಬರಿಗೆಲ್ಲ ಹೇಳಿಕೊಟ್ಟವಳು ಅವಳೇ. ಮಧ್ಯಾಹ್ನದ ಊಟವನ್ನೂ ನಿಂತುಕೊಂಡೇ ಮಾಡುತ್ತಿದ್ದಳು. ಯಾರಾದರೂ ಕುರ್ಚಿ ತಂದುಕೊಟ್ಟರೆ ಅದರ ಮೇಲೆ ಮಡಿಸಿದ ಬಟ್ಟೆ ಪೇರಿಸುತ್ತಿದ್ದಳು.

ನಾಲ್ಕು ಗಂಟೆಗೆ ಪಾಳಿ ಮುಗಿದರೆ ಅವಳ ಇನ್ನೊಂದು ಪಾಳಿ ಶುರು. ಅವಳು ಹೋಗುತ್ತಿದ್ದ ಚರ್ಚಿನಲ್ಲಿ ಯಾರಿಗೆ ಹುಷಾರಿಲ್ಲ, ಯಾರ ಮನೆಯಲ್ಲಿ ಹೆರಿಗೆಯಾಗಿದೆ ಎಂಬುದೆಲ್ಲ ಪಾದ್ರಿ ಅಯ್ಯನವರಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು. ಕಣ್ಣು ಮಂಜಾದ ಮೇಷ್ಟ್ರೊಬ್ಬರ ಕಾಲುಗುರು ಕತ್ತರಿಸಿ ಬರುತ್ತಿದ್ದಳು. ಹೆಂಡತಿ ಸತ್ತ ಮೇಲೆ ಯಾರೊಂದಿಗೂ ಮುಖಕೊಟ್ಟು ಮಾತಾಡದ ಬಡಗಿಯ ಮನೆ ಗುಡಿಸಿ, ಅವನು ಬೈದರೆ ಬೈಸಿಕೊಂಡು, ಮಾರನೆಯ ವಾರ ಮತ್ತೆ ಹೋಗುತ್ತಿದ್ದಳು. ಕರ್ತನು ನನಗಾಗಿ ಇಷ್ಟು ಮಾಡಿರುವಾಗ ನಾನು ಕೈಕಟ್ಟಿ ಕೂರಲೇ ಎನ್ನುತ್ತಿದ್ದಳು. ಅದು ಬಾಯಿಮಾತಲ್ಲ, ಅವಳು ನಿಜಕ್ಕೂ ಹಾಗೆ ನಂಬಿದ್ದಳು. ಪ್ರಾರ್ಥನೆಯನ್ನೂ ಅವಳು ಮಾಡುತ್ತಿದ್ದುದು ನಡೆಯುತ್ತಲೇ, ಬಸ್ಸಿನಿಂದಿಳಿದು ಯಾರದೋ ಮನೆ ಸೇರುವಷ್ಟರಲ್ಲಿ. ಇವಳು ಪರಲೋಕಕ್ಕೆ ಹೋದರೂ ಕೂರುವವಳಲ್ಲ, ದೇವದೂತರ ನಿಲುವಂಗಿ ಒಗೆಯಲು ಹಾಕಿ ಎಂದು ಬಾಗಿಲಲ್ಲೇ ಕೇಳುತ್ತಾಳೆ ಎಂದು ಅಯ್ಯನವರು ಒಮ್ಮೆ ತಮಾಷೆ ಮಾಡಿದ್ದರು.

ಅವಳು ಆತುರಪಟ್ಟು ಹೋಗದ ಮನೆ ಒಂದೇ ಒಂದು. ಅದು ಅವಳದೇ ಮನೆ.

ಎರಡನೇ ಮಹಡಿಯ ಆ ಎರಡು ಕೋಣೆಯ ಮನೆಯಲ್ಲಿ ಅವಳೊಂದಿಗೆ ಇದ್ದವಳು ತೀರಿಹೋದ ಗಂಡನ ಅಕ್ಕ. ಮದುವೆಯಾಗದೆ ಉಳಿದವಳು, ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವಳು. ಮನೆಯವರೆಲ್ಲ ಅವಳನ್ನು ದೊಡ್ಡಕ್ಕ ಎನ್ನುತ್ತಿದ್ದರು. ಆ ಇಬ್ಬರ ನಡುವೆ ಏಳು ವರ್ಷದಿಂದ ಮಾತು ಇತ್ತು, ಆದರೆ ಸಂಭಾಷಣೆ ಇರಲಿಲ್ಲ. ಗ್ಯಾಸ್ ಮುಗಿಯಿತು, ನಲ್ಲಿ ಸೋರುತ್ತಿದೆ, ಮಗಳು ಫೋನ್ ಮಾಡಿದ್ದಳು, ಇಷ್ಟೆ.

ಏಳು ವರ್ಷದ ಹಿಂದೆ ನಡೆದದ್ದು ಹೀಗೆ. ಶ್ವಾಸಕೋಶದ ಕಾಯಿಲೆಯಿಂದ ಗಂಡ ಮನೆಯಲ್ಲೇ ಮಲಗಿದ್ದ. ಅಂದು ಚಕ್ರದಕ್ಕ ಪಾಳಿ ಮುಗಿಸಿ, ಚರ್ಚಿನ, ಆಪರೇಷನ್ ಆದ ಹೆಂಗಸೊಬ್ಬಳನ್ನು ನೋಡಿಕೊಳ್ಳಲು ಅದೇ ಆಸ್ಪತ್ರೆಯ ಮೇಲಿನ ವಾರ್ಡಿಗೆ ಹೋದಳು. ಏಳು ಗಂಟೆಗೆ ಮನೆಗೆ ಬಂದರೆ ಮೆಟ್ಟಿಲ ಮೇಲೆ ಅಕ್ಕಪಕ್ಕದವರು ನಿಂತಿದ್ದರು. ಅವನು ಆರು ಗಂಟೆಗೆ ಹೋಗಿದ್ದ. ತಿಳಿಸಲು ಹೊತ್ತು ಸಿಗಲಿಲ್ಲ ಎಂದಷ್ಟೇ ದೊಡ್ಡಕ್ಕ ಹೇಳಿದಳು. ಆದರೆ ಎದುರುಮನೆಯಾಕೆ ಆಮೇಲೆ ತಡೆಯಲಾರದೆ ಬಾಯಿಬಿಟ್ಟಳು: ಮಧ್ಯಾಹ್ನದಿಂದಲೇ ಉಸಿರು ಕಟ್ಟುತ್ತಿತ್ತಂತೆ, ಫೋನ್ ಮಾಡಲೇ ಎಂದು ಅವಳು ಕೇಳಿದರೆ ದೊಡ್ಡಕ್ಕ ಬೇಡ ಎಂದಳಂತೆ. ಲಾಂಡ್ರಿಯ ನಂಬರು ಗೋಡೆಯ ಕ್ಯಾಲೆಂಡರಿನಲ್ಲೇ ಬರೆದಿತ್ತು.

ಚಕ್ರದಕ್ಕ ಏನೂ ಕೇಳಲಿಲ್ಲ. ಕೇಳದೆ ಇದ್ದುದನ್ನೇ ಅವಳು ಕ್ಷಮೆ ಎಂದುಕೊಂಡಳು. ಆಮೇಲೆ ಅವಳ ಓಡಾಟ ಎರಡರಷ್ಟಾಯಿತು.

ಒಂದು ಬೆಳಿಗ್ಗೆ ದೊಡ್ಡಕ್ಕ ಬಚ್ಚಲಲ್ಲಿ ಕುಸಿದಳು. ಎಡಗೈ, ಎಡಗಾಲು ಸ್ವಾಧೀನ ತಪ್ಪಿದವು. ಬುದ್ಧಿ ಮಾತ್ರ ಚೂರೂ ಕದಲಲಿಲ್ಲ, ನಾಲಗೆಯೂ ಅಷ್ಟೆ. ಸ್ವಲ್ಪ ತೊದಲಿದರೂ ಹರಿತ ಹಾಗೇ ಇತ್ತು. ಎರಡು ಬೀದಿ ಆಚೆ ಇದ್ದ ಮಗಳು ಓಡಿಬಂದು, ಅಮ್ಮ, ನಿನ್ನಿಂದ ಇದು ಆಗುವುದಿಲ್ಲ, ಅತ್ತೆಯನ್ನು ನೋಡಿಕೊಳ್ಳುವ ಜಾಗಗಳಿವೆ, ವಿಚಾರಿಸುತ್ತೇನೆ ಎಂದಳು. ಚಕ್ರದಕ್ಕ ಒಪ್ಪಲಿಲ್ಲ. ಊರಿನವರನ್ನೆಲ್ಲ ನೋಡಿಕೊಳ್ಳುವವಳು ಮನೆಯವರನ್ನು ಹೊರಗೆ ಹಾಕಿದಳು ಎನ್ನಿಸಿಕೊಳ್ಳಲೇ ಎಂದಳು. ಚರ್ಚಿನಲ್ಲಿ ಎಲ್ಲರೂ ಕೊಂಡಾಡಿದರು.

ಅವಳು ಐದಕ್ಕೆ ಏಳುತ್ತಿದ್ದಳು. ದೊಡ್ಡಕ್ಕನನ್ನು ಮಗ್ಗುಲಿಗೆ ಹೊರಳಿಸಿ, ಕೆಳಗಿನ ಬಟ್ಟೆ ಎಳೆದು, ಒರೆಸಿ, ಪೌಡರ್ ಹಾಕಿ, ಹೊಸ ಬಟ್ಟೆ ಹಾಸಿ ಮುಗಿಸಲು ಹನ್ನೊಂದು ನಿಮಿಷ ಸಾಕಾಗುತ್ತಿತ್ತು. ಹಾಸುಬಟ್ಟೆಯಲ್ಲಿ ಒಂದು ಸುಕ್ಕೂ ಇರುತ್ತಿರಲಿಲ್ಲ. ಹಗಲು ಹೊತ್ತಿಗೆ ಕೆಳಮನೆಯ ನಿವೃತ್ತ ನರ್ಸಮ್ಮ ಬಂದು ಕೂರುತ್ತಿದ್ದರು. ಅವರು ಮನೆಗೆ ಹೋಗುವ ಹೊತ್ತಿಗೆ ಚಕ್ರದಕ್ಕ ಬಂದು, ದೊಡ್ಡಕ್ಕನಿಗೆ ಊಟ ಮಾಡಿಸಿ, ಮತ್ತೆ ಚಪ್ಪಲಿ ಮೆಟ್ಟಿ, ನರ್ಸಮ್ಮನಿಗೆ ಒಂದು ಮಾತು ಹೇಳಿ ಹೊರಡುತ್ತಿದ್ದಳು.

ಒಂದು ದಿನ ಬೆನ್ನು ಒರೆಸುವಾಗ ದೊಡ್ಡಕ್ಕ ಗೋಡೆ ಕಡೆ ಮುಖ ಮಾಡಿಕೊಂಡೇ ಹೇಳಿದಳು. "ನಿಧಾನ. ನನ್ನ ಬೆನ್ನು ಹಾಸುಬಟ್ಟೆ ಅಲ್ಲ."

ಚಕ್ರದಕ್ಕ ಒರೆಸಿ ಮುಗಿಸಿ ಕೆಲಸಕ್ಕೆ ಹೊರಟಳು. ಆದರೆ ಆ ಮಾತು ಚಪ್ಪಲಿಯೊಳಗೆ ಸೇರಿದ ಕಲ್ಲಿನ ಹಾಗೆ ಇಡೀ ದಿನ ಒತ್ತಿತು. ಇಷ್ಟು ಮಾಡಿದರೂ ಇವಳಿಗೆ ಸಾಲದೇ ಎಂದು ಕುದಿದಳು. ಪ್ರಾರ್ಥನೆಗೆ ಬಾಯಿ ತೆರೆದರೆ ದೂರು ಬರುತ್ತಿತ್ತು. ನೆರೆಯವರನ್ನು ನಿನ್ನಂತೆಯೇ ಎಣಿಸಿ ಪ್ರೀತಿಸು ಎನ್ನುವ ಪಾಠ ಆ ಭಾನುವಾರ ಬಂದಾಗ ಅವಳು ಹಾಡಿನ ಪುಸ್ತಕದ ಹಾಳೆ ಸುಮ್ಮನೆ ತಿರುವುತ್ತಾ ಕೂತಿದ್ದಳು. ಪಕ್ಕದವಳು ಮೊಣಕೈಯಿಂದ ತಿವಿದ ಮೇಲೆ ನಿಲ್ಲಿಸಿದಳು.

ಆರಾಧನೆ ಮುಗಿದ ಮೇಲೆ ಅಯ್ಯನವರು ಅವಳನ್ನು ಕರೆದರು. ಮುಂದಿನ ಭಾನುವಾರ ಹೆಂಗಸರ ಕೂಟವಿದೆ, ಸೇವೆಯ ಬಗ್ಗೆ ನಿಮ್ಮ ಅನುಭವವನ್ನು ಸಾಕ್ಷಿಯಾಗಿ ಹೇಳಿ, ದೊಡ್ಡಕ್ಕನನ್ನು ನೋಡಿಕೊಳ್ಳುತ್ತಿರುವುದನ್ನೂ ಹೇಳಿ, ಕೇಳಿದವರಿಗೆ ಧೈರ್ಯ ಬರುತ್ತದೆ ಎಂದರು. ಅವಳು ಹೂಂ ಎಂದಳು.

ಶನಿವಾರ ಲಾಂಡ್ರಿಯಲ್ಲಿ ಅವಳಿಗೆ ರಜೆ. ಮಧ್ಯಾಹ್ನ ಅಡುಗೆಮನೆಯಲ್ಲಿ ನಿಂತು, ಪಾತ್ರೆ ಉಜ್ಜುತ್ತಾ, ಹೇಳಬೇಕಾದುದನ್ನು ಗಟ್ಟಿಯಾಗಿಯೇ ಹೇಳಿ ನೋಡುತ್ತಿದ್ದಳು. ದೇವರ ಪ್ರೀತಿ ನಮ್ಮೊಳಗಿದ್ದರೆ ಯಾರ ಸೇವೆಯೂ ಭಾರವಲ್ಲ ಎಂಬಲ್ಲಿಗೆ ಬಂದಾಗ ಒಳಗಿನಿಂದ ದೊಡ್ಡಕ್ಕನ ದನಿ ಬಂತು.

"ಅದರಲ್ಲಿ ನಾನೂ ಬರ್ತೀನಾ?"

ಚಕ್ರದಕ್ಕ ಕೈ ಒರೆಸಿಕೊಂಡು ಬಾಗಿಲಿಗೆ ಬಂದಳು. ಬರುತ್ತೀರಿ ಎಂದಳು.

"ಹಾಗಾದ್ರೆ ಸರಿಯಾಗಿ ಹೇಳು. ನನ್ನನ್ನ ತೊಳೀತೀನಿ ಅನ್ನು. ಪ್ರೀತಿ ಗೀತಿ ಅಂತೆಲ್ಲ ಅನ್ಬೇಡ. ದೇವರ ಮನೇಲಿ ನಿಂತು ಸುಳ್ಳು ಯಾಕೆ."

ಏಳು ವರ್ಷ ಬಾಯಿಗೆ ಬಂದು ಬಂದು ಹಿಂದಕ್ಕೆ ಹೋಗಿದ್ದ ಪ್ರಶ್ನೆ ಆಗ ತಾನಾಗಿ ಹೊರಬಿತ್ತು. ಅವಳ ದನಿ ಏರಲೂ ಇಲ್ಲ. "ಅವತ್ತು ನನಗೆ ಯಾಕೆ ಫೋನ್ ಮಾಡ್ಲಿಲ್ಲ?"

ದೊಡ್ಡಕ್ಕ ಚಾವಣಿಯ ಕಡೆ ಮುಖ ತಿರುಗಿಸಿದಳು. ತಪ್ಪಿಸಿಕೊಳ್ಳುವ ಮಾತು ಹುಡುಕುತ್ತಿದ್ದಾಳೆ ಎಂದು ಚಕ್ರದಕ್ಕನಿಗೆ ಅನಿಸಿತು. ಹಾಗಿರಲಿಲ್ಲ.

"ಮಾಡ್ಬಹುದಿತ್ತು. ಬೇಕಂತಲೇ ಮಾಡ್ಲಿಲ್ಲ. ಮದುವೆ ಆದ್ಮೇಲೆ ಅವನು ನಿನ್ನ ಗಂಡ, ನಿನ್ನ ಮಗಳ ಅಪ್ಪ. ಆ ಒಂದು ಮಧ್ಯಾಹ್ನ ಅವನು ನನ್ನ ತಮ್ಮ ಆಗಿರ್ಲಿ ಅನ್ನಿಸ್ತು. ಅಷ್ಟೇ. ಇದಕ್ಕೆ ಬೇರೆ ಕಾರಣ ಇಲ್ಲ."

ಚಕ್ರದಕ್ಕ ಹಾಲಿಟ್ಟಿದ್ದ ಒಲೆಯನ್ನು ಆರಿಸಿದಳು, ಚಪ್ಪಲಿ ಮೆಟ್ಟಿದಳು, ಬಾಗಿಲು ಎಳೆದುಕೊಂಡಳು. ನರ್ಸಮ್ಮನಿಗೆ ಹೇಳಿ ಹೋಗಬೇಕೆಂಬುದೂ ಹೊಳೆಯಲಿಲ್ಲ.

ಮೊದಲು ಮೇಷ್ಟ್ರ ಮನೆಗೆ ಹೋದಳು. ಅವರು ಕುರ್ಚಿಯಲ್ಲೇ ನಿದ್ದೆಹೋಗಿದ್ದರು. ಕಾಲುಗುರುಗಳು ಇನ್ನೂ ಬೆಳೆದಿರಲಿಲ್ಲ. ಅಲ್ಲಿಂದ ಬಡಗಿಯ ಮನೆಗೆ ಹೋದರೆ ಅವನು ಬಾಗಿಲಿಗೇ ಬಂದು, ಇವತ್ತು ಶನಿವಾರ, ನೀನು ಬರುವುದು ಗುರುವಾರ ಎಂದು ಕದ ಹಾಕಿಕೊಂಡ. ಬಸ್ಸು ಹತ್ತಿದಳು, ಎರಡು ನಿಲ್ದಾಣ ಹೋಗಿ ಇಳಿದಳು, ಬಂದ ದಾರಿಯಲ್ಲೇ ನಡೆದಳು. ಕಾಲುಗಳು ಕೊನೆಗೆ ಅವಳನ್ನು ಲಾಂಡ್ರಿಗೇ ಕರೆತಂದವು. ರಜೆಯ ದಿನ ಯಾಕೆ ಬಂದೆ ಎಂದು ಪಾಳಿಯವರು ಕೇಳಿದ್ದಕ್ಕೆ ಉತ್ತರಿಸದೆ ದಿಂಬಿನ ಕವರುಗಳ ರಾಶಿಯ ಮುಂದೆ ನಿಂತು ಒಂದೊಂದನ್ನೇ ಫಟ್ಟೆಂದು ಕೊಡವಿ ಮಡಿಸತೊಡಗಿದಳು. ಇಸ್ತ್ರಿಯಂತ್ರದವಳು ಸ್ವಲ್ಪ ಹೊತ್ತು ನೋಡಿ, ಪಾಪ, ಆ ಕವರುಗಳು ನಿನಗೇನು ಮಾಡಿದವು ಅಕ್ಕ ಎಂದಳು.

ಚಕ್ರದಕ್ಕ ಮಡಿಸುತ್ತಲೇ ದೇವರೊಂದಿಗೆ ಜಗಳ ತೆಗೆದಳು. ಕೇಳಿಸಿಕೊಂಡೆಯಾ ಆಕೆ ಅಂದದ್ದನ್ನು, ಬೇಕಂತಲೇ ಅಂದಳಲ್ಲ, ಇಂಥವಳನ್ನು ನಾನು ಪ್ರೀತಿಸಬೇಕೇ ಎಂದಳು. ಗಂಡ ಸತ್ತ ದಿನವನ್ನು ಕೊನೆಯಿಂದ ಹಿಂದಕ್ಕೆ ಎಣಿಸಿ ಹೇಳತೊಡಗಿದಳು. ಆರು ಗಂಟೆ, ಅದಕ್ಕೆ ಮೊದಲು ಮಧ್ಯಾಹ್ನ, ಅದಕ್ಕೆ ಮೊದಲು ಬೆಳಿಗ್ಗೆ. ಬೆಳಿಗ್ಗೆಗೆ ಬಂದು ಅವಳ ಕೈ ನಿಂತಿತು.

ಅಂದು ಬೆಳಿಗ್ಗೆ ಅವಳು ಚೀಲ ಹೆಗಲಿಗೆ ಹಾಕಿಕೊಂಡಾಗ ಗಂಡ ಹಾಸಿಗೆಯಿಂದ ಕೈ ಚಾಚಿದ್ದ. ಇವತ್ತು ಹೋಗಬೇಡ, ಸ್ವಲ್ಪ ಕೂತ್ಕೊ ಎಂದಿದ್ದ. ಅವನು ಹಾಗೆ ಕೇಳುವವನೇ ಅಲ್ಲ. ಅವಳು ಅವನ ಕೈ ಹಿಡಿಯದೆ, ಬೇಗ ಬರುತ್ತೇನೆ ಎಂದು ಹೋಗಿದ್ದಳು. ಬೇಗ ಬರಲೂ ಇಲ್ಲ. ಪಾಳಿ ಮುಗಿದ ಮೇಲೆ ಮನೆಗೆ ಬರಬಹುದಿತ್ತು, ಆದರೆ ಮೇಲಿನ ವಾರ್ಡಿನ ಮೆಟ್ಟಿಲು ಹತ್ತಿದ್ದಳು. ಅವನ ಉಸಿರಾಟದ ಸದ್ದು ಕೇಳುತ್ತಾ ಕೂರುವುದು ಅವಳಿಂದ ಆಗುತ್ತಿರಲಿಲ್ಲ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಏಳು ವರ್ಷ ದೊಡ್ಡಕ್ಕನ ತಪ್ಪನ್ನು ಮುಂದಿಟ್ಟುಕೊಂಡು ಅದರ ಹಿಂದೆ ತನ್ನದನ್ನು ಬಚ್ಚಿಟ್ಟಿದ್ದಳು.

ಕೈಯಲ್ಲಿದ್ದ ಕವರನ್ನು ಅರ್ಧ ಮಡಿಸಿ ಬಿಟ್ಟು ಮನೆಗೆ ಹೊರಟಳು. ಅರ್ಧ ದಾರಿಯಲ್ಲಿ, ದೊಡ್ಡಕ್ಕ ಒಬ್ಬಳೇ ಇದ್ದಾಳೆಂಬುದು ನೆನಪಾಗಿ ಓಡಿದಳು.

ದೊಡ್ಡಕ್ಕ ನೆಲದ ಮೇಲೆ ಮಂಚಕ್ಕೆ ಒರಗಿ ಕೂತಿದ್ದಳು. ತಾನೇ ಬಚ್ಚಲಿಗೆ ಹೋಗಲು ನೋಡಿ ಜಾರಿದ್ದಳು. ಬಟ್ಟೆ ಒದ್ದೆಯಾಗಿತ್ತು. ಮುಖ ಎತ್ತಿ ನೋಡಲಿಲ್ಲ.

ಚಕ್ರದಕ್ಕ ಅವಳನ್ನು ಎತ್ತುವ ಬದಲು ಪಕ್ಕದಲ್ಲೇ ನೆಲದ ಮೇಲೆ, ಆ ಒದ್ದೆಯಲ್ಲೇ ಕೂತಳು. ಏದುಸಿರು ಕಡಿಮೆಯಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಅವತ್ತು ಬೆಳಿಗ್ಗೆ ಅವ್ರು ನನ್ನನ್ನ ಕೂತ್ಕೊ ಅಂದಿದ್ರು, ದೊಡ್ಡಕ್ಕ. ನಾನು ಕೂರ್ಲಿಲ್ಲ."

"ಗೊತ್ತು."

"ಹೇಗೆ?"

"ಅಡುಗೆಮನೇಲಿದ್ದೆ. ಕೇಳಿಸ್ತು."

ಗಂಡ ಸತ್ತ ದಿನ ಮೆಟ್ಟಿಲ ಮೇಲಿದ್ದವರ ಮುಂದೆ ದೊಡ್ಡಕ್ಕ ಇದನ್ನು ಹೇಳಬಹುದಿತ್ತು. ಮಗಳಿಗೆ ಹೇಳಬಹುದಿತ್ತು. ಇವತ್ತು ಮಧ್ಯಾಹ್ನ ಚಕ್ರದಕ್ಕ ಆ ಪ್ರಶ್ನೆ ಕೇಳಿದಾಗಲಂತೂ ಮುಖಕ್ಕೇ ಎಸೆಯಬಹುದಿತ್ತು. ಯಾಕೆ ಯಾರಿಗೂ ಹೇಳಲಿಲ್ಲ ಎಂದು ಚಕ್ರದಕ್ಕ ಕೇಳಿದಳು.

"ನಿನಗೆ ಗೊತ್ತಿತ್ತಲ್ಲ," ಎಂದಳು ದೊಡ್ಡಕ್ಕ. "ಇನ್ನೊಬ್ಬರಿಗೆ ಯಾಕೆ."

"ನಿಮ್ಮನ್ನ ಕ್ಷಮಿಸಿದ್ದೀನಿ ಅನ್ನೋಕೆ ನನಗೆ ಇನ್ನೂ ಬಾಯಿ ಬರ್ತಿಲ್ಲ."

"ನಾನು ಕೇಳ್ಲಿಲ್ಲವಲ್ಲ. ಮೊದ್ಲು ನನ್ನನ್ನ ಎತ್ತು, ಚಳಿ ಆಗ್ತಿದೆ."

ಭಾನುವಾರ ಹೆಂಗಸರ ಕೂಟದಲ್ಲಿ ಚಕ್ರದಕ್ಕ ಎದ್ದು ನಿಂತು, ನನ್ನ ಹತ್ತಿರ ಹೇಳಲು ಸಾಕ್ಷಿ ಇಲ್ಲ, ಒಂದು ಬೇಡಿಕೆ ಇದೆ ಎಂದಳು. ಮೇಷ್ಟ್ರ ಮನೆಗೂ ಬಡಗಿಯ ಮನೆಗೂ ಇನ್ನು ಮೇಲೆ ಬೇರೆ ಯಾರಾದರೂ ಹೋಗಬೇಕು, ನನಗೆ ಮನೆಯಲ್ಲಿ ಕೆಲಸವಿದೆ, ನಾನು ಅದನ್ನು ಸರಿಯಾಗಿ ಮಾಡುತ್ತಿರಲಿಲ್ಲ ಎಂದಳು. ಕೆಲವರಿಗೆ ನಿರಾಶೆಯಾಯಿತು. ಒಬ್ಬಾಕೆ, ಇವಳಿಗೂ ಸುಸ್ತಾಯಿತು ನೋಡು ಎಂದು ಪಕ್ಕದವಳ ಕಿವಿಯಲ್ಲಿ ಅಂದದ್ದು ಅವಳಿಗೂ ಕೇಳಿಸಿತು. ಅಯ್ಯನವರು ಮಾತ್ರ ಎದ್ದು ಬಂದು, ಗುರುವಾರ ಬಡಗಿಯ ಮನೆ ಗುಡಿಸುವುದು ನನ್ನ ಪಾಲಿಗಿರಲಿ ಎಂದರು. ಮೊದಲ ಗುರುವಾರ ಅವರೂ ಬೈಸಿಕೊಂಡರು.

ಕೂರುವುದು ಅವಳಿಗೆ ಸುಲಭವಾಗಿ ಬರಲಿಲ್ಲ. ಸಂಜೆ ಮಂಚದ ಪಕ್ಕ ಕುರ್ಚಿ ಹಾಕಿಕೊಂಡರೆ ಹತ್ತು ನಿಮಿಷಕ್ಕೆ ಮೊಣಕಾಲು ಕುಣಿಯತೊಡಗುತ್ತಿತ್ತು. ಭೂಕಂಪ ಶುರುವಾಯಿತು, ಹೋಗಿ ಒಂದು ಸುತ್ತು ಬಾ ಎಂದು ದೊಡ್ಡಕ್ಕ ರೇಗಿಸುತ್ತಿದ್ದಳು. ಅವಳು ಮೆಟ್ಟಿಲಿಳಿದು ಗೇಟಿನವರೆಗೆ ಹೋಗಿ ಮತ್ತೆ ಬಂದು ಕೂರುತ್ತಿದ್ದಳು. ದೊಡ್ಡಕ್ಕ ತಮ್ಮನ ಬಾಲ್ಯದ ಕಥೆಗಳನ್ನು ಹೇಳುತ್ತಿದ್ದಳು. ಸ್ನಾನಕ್ಕೆ ಹೆದರಿ ಅವನು ಅಟ್ಟ ಹತ್ತಿದ್ದು, ತನ್ನ ಮೊದಲ ಸಂಬಳದಲ್ಲಿ ಅಕ್ಕನಿಗೆ ಒಂದೇ ಕಾಲಿನ ಎರಡು ಚಪ್ಪಲಿ ತಂದದ್ದು. ತನ್ನ ಗಂಡನ ಬಗ್ಗೆ ತನಗೆ ಗೊತ್ತಿಲ್ಲದ್ದು ಇಷ್ಟಿತ್ತೇ ಎಂದು ಚಕ್ರದಕ್ಕನಿಗೆ ಕೆಲವು ಸಂಜೆ ನಗು ಬರುತ್ತಿತ್ತು, ಕೆಲವು ಸಂಜೆ ಹೊಟ್ಟೆ ಉರಿಯುತ್ತಿತ್ತು. ಉರಿದ ದಿನ ಅದನ್ನು ದೇವರಿಗೆ ಹಾಗೇ ಹೇಳುತ್ತಿದ್ದಳು. ಪ್ರಾರ್ಥನೆ ಎಂದರೆ ಒಳ್ಳೆಯ ಮಾತೇ ಆಗಬೇಕು ಎನ್ನುವುದನ್ನು ಬಿಟ್ಟಿದ್ದಳು.

ದೊಡ್ಡಕ್ಕ ಮತ್ತೆ ಒಂದೂವರೆ ವರ್ಷ ಬದುಕಿದಳು. ಹೋದದ್ದು ಒಂದು ಮಂಗಳವಾರ ಬೆಳಗಿನ ಹತ್ತು ಗಂಟೆಗೆ, ನರ್ಸಮ್ಮನ ಎದುರಿಗೆ, ಚಕ್ರದಕ್ಕ ಕೆಲಸದಲ್ಲಿದ್ದಾಗ. ಯಾರೂ ಯಾರಿಗೂ ಫೋನ್ ಮಾಡುವಷ್ಟು ಹೊತ್ತು ಅದಕ್ಕೆ ಹಿಡಿಯಲಿಲ್ಲ.

ಮಣ್ಣು ಮಾಡಿ ಬಂದ ಸಂಜೆ ಮಗಳು ಪಾತ್ರೆ ಒರೆಸುತ್ತಾ, ಅಮ್ಮ, ಕೊನೆಗೂ ಅತ್ತೆಯನ್ನು ಕ್ಷಮಿಸಿದೆಯಾ ಎಂದು ಕೇಳಿದಳು.

"ಯಾವತ್ತು ಅಂತ ಗೊತ್ತಿಲ್ಲ," ಎಂದಳು ಚಕ್ರದಕ್ಕ. "ಒಂದು ದಿನ ಆ ಸಿಟ್ಟು ಬೇಕಾಗಿತ್ತು, ಹುಡುಕಿದೆ. ಎಲ್ಲಿಟ್ಟಿದ್ದೆ ಅಂತ ನೆನಪೇ ಆಗ್ಲಿಲ್ಲ."

ಒಂಬತ್ತು ದಿನ ಅವಳು ಯಾರ ಮನೆಗೂ ಹೋಗಲಿಲ್ಲ. ಹತ್ತನೆಯ ದಿನ, ಕೆಳಮನೆಯ ನರ್ಸಮ್ಮ ಎರಡು ದಿನದಿಂದ ಹೊರಗೆ ಬಂದಿಲ್ಲ, ಜ್ವರವಂತೆ ಎಂದು ಕೇಳಿ ಇಳಿದುಹೋದಳು. ಒಳಗೆ ತೊಳೆಯದ ಲೋಟಗಳಿದ್ದವು, ಒಗೆಯದ ಬಟ್ಟೆಯಿತ್ತು. ಅವಳ ಕೈ ಅತ್ತ ಹೊರಳಿತು. ಆದರೆ ನರ್ಸಮ್ಮ ಗೋಡೆ ನೋಡುತ್ತಾ ಮಲಗಿದ್ದ ರೀತಿ ಕಂಡು, ಮೊದಲು ಮಂಚದ ಅಂಚಿನಲ್ಲಿ ಕೂತು, ಹಣೆ ಮುಟ್ಟಿ, ಏನಾಯಿತು ಹೇಳಿ ಎಂದಳು.